ಆಕ್ಟೇವಿಯಾ ಆರ್‌ಎಸ್‌ನಲ್ಲಿ 63,000 ಕಿಲೋಮೀಟರ್, ಮೂರು ಬಗೆಯ ಆಯಿಲ್

ಅವಸರ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾರಲ್ಲಿ ಈಗ ಇರುವ ಎಂಜಿನ್ ಆಯಿಲ್ ಮೋಟುಲ್ 8100 ಎಕ್ಸ್-ಸೆಸ್ 5ಡಬ್ಲ್ಯೂ-40. ನಾಲ್ಕು ವರ್ಷದಿಂದ ಅದೇ. ಸದ್ಯಕ್ಕೆ ಬದಲಾಯಿಸುವ ಯೋಚನೆಯೂ ಇಲ್ಲ. ಹಾಗಂತ ನಿಮ್ಮ ಕಾರಿಗೂ ಅದನ್ನೇ ಹಾಕಿ ಅಂತ ಹೇಳುವುದಿಲ್ಲ. ಯಾಕೆ ಅನ್ನುವುದಕ್ಕೆ ಸ್ವಲ್ಪ ಕಥೆ ಹೇಳಬೇಕು.

ಕಾರು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ನ್ಯೂಟನ್ ಮೀಟರ್, 6 ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್ ತಗೊಂಡಾಗ ಮೀಟರ್ 21,000 ತೋರಿಸುತ್ತಿತ್ತು. ಈಗ 84,000. ವಾರಕ್ಕೆ ಐದು ದಿನ ಬೆಂಗಳೂರಿನ ಟ್ರಾಫಿಕ್ಕಲ್ಲಿ ಮನೆಯಿಂದ ಆಫೀಸಿಗೆ 6 ಕಿ.ಮೀ. ತಿಂಗಳಿಗೊಮ್ಮೆ ಊರಿಗೆ, ಅಂದರೆ ಶಿರಸಿಗೆ. ತುಮಕೂರು, ಹಾವೇರಿ ಮೇಲೆ ಹೋದರೆ ಸುಮಾರು 400 ಕಿ.ಮೀ. ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೂ ಹೋಗುತ್ತೇನೆ. ಈ ಮೂರರಲ್ಲಿ ಆಯಿಲ್‌ಗೆ ಜಾಸ್ತಿ ಕಷ್ಟ ಕೊಡುವುದು ಯಾವುದು ಹೇಳಿ ನೋಡೋಣ? ನಾನಂತೂ ಟ್ರ್ಯಾಕ್ ಅಂದುಕೊಂಡಿದ್ದೆ.

ಮೊದಲ ಎರಡು ಸರ್ವಿಸ್‌ನಲ್ಲಿ ಸ್ಕೋಡಾದ ಒಡೆಯ ಕಂಪನಿ ಫೋಕ್ಸ್‌ವ್ಯಾಗನ್‌ನ 504 00 ಅಪ್ರೂವಲ್ (ಆಯಿಲ್‌ಗೆ ಕೊಡುವ ಒಪ್ಪಿಗೆ) ಇರುವ 5ಡಬ್ಲ್ಯೂ-30 ಹಾಕಿಸಿದೆ. ಕಂಪನಿ ಹೇಳುವುದು 15,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು. ದೂರಲು ಏನೂ ಇರಲಿಲ್ಲ. ಸದ್ದಿಲ್ಲ, ಸರಾಗ. ಆದರೆ ಡಿಪ್‌ಸ್ಟಿಕ್ ಕಡ್ಡಿಯಲ್ಲಿ ಆಯಿಲ್ ಮಟ್ಟ ಇಳಿಯುತ್ತಿತ್ತು. 6,000 ಕಿ.ಮೀ.ಗೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತಿತ್ತು. ಗಾಬರಿಯಾಗಿ ಮ್ಯಾನ್ಯುವಲ್ ತೆಗೆದು ನೋಡಿದೆ. 1,000 ಕಿ.ಮೀ.ಗೆ ಅರ್ಧ ಲೀಟರ್ ತನಕ ಖರ್ಚಾಗಬಹುದು ಅಂತ ಅದರಲ್ಲೇ ಬರೆದಿದೆ! ಆ ಲೆಕ್ಕದಲ್ಲಿ ನನ್ನ ಕಾರು ಉಪವಾಸ ಮಾಡುತ್ತಿದೆ.

ಆಗ ಗೆಳೆಯರ ಬಳಗದಲ್ಲಿ ಸಲಹೆಗಳ ಸುರಿಮಳೆ. "30 ತೆಳು ಕಣೋ, ಪರ್ಫಾರ್ಮೆನ್ಸ್ ಕಾರಿಗೆ ದಪ್ಪ ಆಯಿಲ್ ಹಾಕು. ಬಿಎಂಡಬ್ಲ್ಯೂ ಎಂ3ಗೆ 10ಡಬ್ಲ್ಯೂ-60 ಹಾಕ್ತಾರೆ ಗೊತ್ತಾ?" ಹೌದು, ವಿ8 ಎಂಜಿನ್ನಿನ ಹಳೆಯ ಎಂ3ಗೆ ಬಿಎಂಡಬ್ಲ್ಯೂ ಹೇಳಿದ್ದು 10ಡಬ್ಲ್ಯೂ-60ನೇ. ಆದರೆ ಮುಂದೆ ಟರ್ಬೊ ಎಂ3 ಬಂದಾಗ ಅದೇ ಕಂಪನಿ ಆ ದಪ್ಪ ಆಯಿಲ್ ಕೈಬಿಟ್ಟಿತು. ಅಮೆರಿಕದಲ್ಲಿ ಮಾರಿದ 306 ಅಶ್ವಶಕ್ತಿಯ ಹೋಂಡಾ ಸಿವಿಕ್ ಟೈಪ್ ಆರ್‌ಗೆ ಹೇಳಿರುವುದು 0ಡಬ್ಲ್ಯೂ-20, ನೀರಿನಂಥ ಆಯಿಲ್. ಜೋರಾಗಿ ಓಡುವ ಕಾರಿಗೆಲ್ಲ ದಪ್ಪ ಆಯಿಲ್ ಬೇಕು ಅನ್ನುವುದು ಸುಮ್ನೆ ಮಾತು. ಎಂಜಿನ್ ಒಳಗಿನ ಸಂದು ಎಷ್ಟು, ಪಂಪ್ ಎಂಥದ್ದು ಅಂತ ನೋಡಿ ಕಂಪನಿ ಆಯಿಲ್ ಗೊತ್ತು ಮಾಡಿರುತ್ತದೆ.

ಈ ನಂಬರುಗಳ ವಿಷಯ ಒಮ್ಮೆ ಬಿಡಿಸಿ ಹೇಳುತ್ತೇನೆ, ನಾನೇ ತಿಳಿದುಕೊಳ್ಳಲು ಎರಡು ವರ್ಷ ತಗೊಂಡೆ. ನಮ್ಮ ಕಡೆ ಜೋನಿಬೆಲ್ಲ ಅಂತ ಸಿಗುತ್ತದೆ. ಡಿಸೆಂಬರ್ ಬೆಳಗ್ಗೆ ಡಬ್ಬಿ ಬಗ್ಗಿಸಿದರೆ ಬೀಳುವುದೇ ಇಲ್ಲ, ಒಲೆ ಹತ್ತಿರ ಇಟ್ಟರೆ ಸರ್ರನೆ ಇಳಿಯುತ್ತದೆ. ಆಯಿಲೂ ಹಾಗೇ. ಡಬ್ಲ್ಯೂ ಮುಂದಿನ ನಂಬರ್ ಚಳಿಯದ್ದು. 5ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡುವುದು ಮೈನಸ್ 30 ಡಿಗ್ರಿಯಲ್ಲಿ, 10ಡಬ್ಲ್ಯೂ ಆದರೆ ಮೈನಸ್ 25ರಲ್ಲಿ. ಬೆಂಗಳೂರಲ್ಲಿ 12 ಡಿಗ್ರಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ. ಹಾಗಾಗಿ 0 ಮೇಲೋ 5 ಮೇಲೋ ಅಂತ ಇಲ್ಲಿ ಕೂತು ಜಗಳ ಆಡುವುದರಲ್ಲಿ ಅರ್ಥ ಇಲ್ಲ. ಹಿಂದಿನ ನಂಬರ್ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಅನ್ನುವುದು. ಸೆಂಟಿಸ್ಟೋಕ್ಸ್ ಲೆಕ್ಕದಲ್ಲಿ 9.3ರಿಂದ 12.5ರ ಒಳಗಿದ್ದರೆ 30, 12.5ರಿಂದ 16.3ರ ಒಳಗಿದ್ದರೆ 40.

ಡಬ್ಬಿಯ ಮುಂದೆ ಬರೆಯದ ಇನ್ನೊಂದು ಲೆಕ್ಕ ಇದೆ, ಎಚ್‌ಟಿಎಚ್‌ಎಸ್ ಅಂತ. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗ್ ನಡುವೆ ಸಿಕ್ಕಿ ಅರೆಯುವಂಥ ಒತ್ತಡದಲ್ಲಿ ಆಯಿಲ್ ಪದರ ಎಷ್ಟು ಉಳಿಯುತ್ತದೆ ಅನ್ನುವ ಪರೀಕ್ಷೆ ಅದು. ಟರ್ಬೊ ಕಾರಿಗೆ ಬೇಕಾದದ್ದು ಇದೇ. 504 00ಕ್ಕೂ, ಈಗಿನ ಮೋಟುಲ್‌ಗೆ ಇರುವ 502 00 ಅಪ್ರೂವಲ್‌ಗೂ ಇದು ಕನಿಷ್ಠ 3.5 ಇರಲೇಬೇಕು. ಅಂದರೆ ಗೆಳೆಯರು "ತೆಳು" ಅಂತ ಹೀಗಳೆದ ನನ್ನ 5ಡಬ್ಲ್ಯೂ-30, ಬೇರಿಂಗ್ ಕಾಯುವ ವಿಷಯದಲ್ಲಿ ತೆಳು ಆಗಿರಲೇ ಇಲ್ಲ.

ಇದೆಲ್ಲ ಆಗ ಗೊತ್ತಿರಲಿಲ್ಲ. ಟ್ರ್ಯಾಕ್ ಡೇಗೆ ಮೊದಲು ಎಸ್ಟರ್ ಅನ್ನುವ ರಾಸಾಯನಿಕದಿಂದ ಮಾಡಿದ ಒಂದು ರೇಸಿಂಗ್ ಆಯಿಲ್ ಹಾಕಿಸಿದೆ. ರೇಟು ಕೇಳಿ ಹೆಂಡತಿ ಎರಡು ದಿನ ಮಾತಾಡಲಿಲ್ಲ. ಟ್ರ್ಯಾಕಿನಲ್ಲಿ ಅದು ಅದ್ಭುತ, ಸುಳ್ಳು ಹೇಳುವುದಿಲ್ಲ. ನಮ್ಮ ಕಾರಿನ ಮೀಟರಲ್ಲಿ ಆಯಿಲ್ ಟೆಂಪರೇಚರ್ ಬರುತ್ತದೆ. ಹೈವೇಯಲ್ಲಿ 95, 98. ಇರುಂಗಾಟ್ಟುಕೋಟೈಯಲ್ಲಿ ಐದನೇ ಸುತ್ತಿಗೆ 120 ದಾಟಿತು, ಏಳನೇ ಸುತ್ತಿಗೆ 128. ಎಂಜಿನ್ ಸದ್ದಲ್ಲಿ ಒಂಚೂರೂ ವ್ಯತ್ಯಾಸ ಇಲ್ಲ. ತಪ್ಪು ಮಾಡಿದ್ದು ಆಮೇಲೆ. "ಇಷ್ಟು ದುಡ್ಡು ಕೊಟ್ಟಿದ್ದೀನಲ್ಲ" ಅಂತ ಅದನ್ನೇ ಇಟ್ಟುಕೊಂಡು ಊರು, ಆಫೀಸು ಅಂತ 9,000 ಕಿ.ಮೀ. ಓಡಿಸಿದೆ. ರೇಸಿಂಗ್ ಆಯಿಲ್ ಮಾಡುವುದು ಬೇಗ ಚೆಲ್ಲಿ ಹೊಸದು ಹಾಕುವವರಿಗೆ. ಹುಳಿ (ಆಮ್ಲ) ತಡೆಯುವ, ಕೊಳೆ ಹಿಡಿಯುವ ಅಂಶವನ್ನು ಅದರಲ್ಲಿ ತಿಂಗಳುಗಟ್ಟಲೆ ಬಾಳುವ ಹಾಗೆ ತುಂಬಿರುವುದಿಲ್ಲ. ನಾನು ಹಾಕಿದ್ದರ ಮೇಲೆ ಫೋಕ್ಸ್‌ವ್ಯಾಗನ್ ಅಪ್ರೂವಲ್ ಒಂದೂ ಇರಲಿಲ್ಲ. ಇಳಿಸಿದಾಗ ಕಷಾಯದ ಥರ ಇತ್ತು, ವಾಸನೆಯೂ ಚುಚ್ಚುತ್ತಿತ್ತು. ಎಂಜಿನ್‌ಗೆ ಏನೂ ಆಗಲಿಲ್ಲ, ನನ್ನ ಪುಣ್ಯ.

ಅಲ್ಲಿಂದ ಡಬ್ಬಿಯ ಹಿಂಭಾಗ ಓದುವ ಅಭ್ಯಾಸ ಶುರುವಾಯಿತು. ಮುಂದುಗಡೆ ಏನಾದರೂ ಬರೆದಿರಲಿ, "ಫುಲ್ಲಿ ಸಿಂಥೆಟಿಕ್" ಅನ್ನುವುದು ಸೇರಿಸಿ. ಆ ಮಾತಿಗೆ ಬೆಲೆ ಕಮ್ಮಿಯಾಗಿ ಬಹಳ ಕಾಲ ಆಯಿತು. ಕ್ರೂಡ್‌ನಿಂದಲೇ ತೆಗೆದು ಜಾಸ್ತಿ ಶುದ್ಧ ಮಾಡಿದ ಗ್ರೂಪ್ 3 ಆಯಿಲನ್ನೂ ಸಿಂಥೆಟಿಕ್ ಅಂತ ಕರೆಯಬಹುದೇ ಅಂತ ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ನಡುವೆ ತಗಾದೆಯಾಗಿ, ಕರೆಯಬಹುದು ಅಂತ 1999ರಲ್ಲಿ ತೀರ್ಮಾನವಾಯಿತು. ಹಿಂದೆ ನೋಡಬೇಕಾದದ್ದು ಒಂದೇ ಸಾಲು: ಅಪ್ರೂವಲ್. ಅದರಲ್ಲೂ "ಅಪ್ರೂವ್ಡ್" ಅಂತ ಇದೆಯೋ, "ಮೀಟ್ಸ್" ಅಂತಲೋ "ಸೂಟಬಲ್ ಫಾರ್" ಅಂತಲೋ ಇದೆಯೋ ನೋಡಿ. ಮೊದಲನೆಯದು ಕಾರು ಕಂಪನಿ ಕೊಟ್ಟ ಒಪ್ಪಿಗೆ, ಉಳಿದವು ಆಯಿಲ್ ಕಂಪನಿಯ ಸ್ವಂತ ಮಾತು. ಕೆಲವು ಡಬ್ಬಿಗಳಲ್ಲಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿಟ್ಟಿರುತ್ತಾರೆ, ಕನ್ನಡಕ ಹಾಕಿಕೊಂಡೇ ಓದಬೇಕು.

504 00ರಿಂದ 502 00ಕ್ಕೆ ಯಾಕೆ ಬಂದೆ? 504 00ರಲ್ಲಿ ಬೂದಿ ಕಮ್ಮಿ ಇರಬೇಕು, ಎಕ್ಸಾಸ್ಟ್ ಫಿಲ್ಟರ್ ಕಟ್ಟಿಕೊಳ್ಳಬಾರದು ಅಂತ. ಅದಕ್ಕಾಗಿ ಹುಳಿ ತಡೆಯುವ ಅಂಶವನ್ನು ಸ್ವಲ್ಪ ಬಿಟ್ಟುಕೊಟ್ಟಿರುತ್ತಾರೆ. ನನ್ನದು ಬಿಎಸ್4 ಅನ್ನುವ ಹಳೆಯ ಹೊಗೆ ನಿಯಮದ ಕಾರು, ಅಂಥ ಫಿಲ್ಟರ್ ಇಲ್ಲ. ಇಲ್ಲದ ಫಿಲ್ಟರ್ ಕಾಪಾಡಲು ನಾನ್ಯಾಕೆ ಬಿಟ್ಟುಕೊಡಲಿ? ನಿಜ ಹೇಳಬೇಕೆಂದರೆ 2020ರ ಏಪ್ರಿಲ್‌ನಲ್ಲಿ ಬಿಎಸ್6 ಪೆಟ್ರೋಲ್ ಬಂದು, ಹುಳಿ ಹುಟ್ಟಿಸುವ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿದ ಮೇಲೆ ಈ ವಾದದ ತೂಕ ಕಮ್ಮಿಯಾಗಿದೆ. 504 00 ಹಾಕುವವರು ತಪ್ಪು ಮಾಡುತ್ತಿಲ್ಲ. ತಪ್ಪಾಗುವುದು 508 00 ಹಾಕಿದರೆ. ಅದು 0ಡಬ್ಲ್ಯೂ-20, ಹೊಸ ಎಂಜಿನ್‌ಗಳಿಗೆ ಮಾಡಿದ್ದು, ನಮ್ಮಂಥ ಹಳೆಯ ಟಿಎಸ್‌ಐ ಟರ್ಬೊ ಎಂಜಿನ್‌ಗೆ ಬೇಡವೇ ಬೇಡ.

ಮೋಟುಲ್ 8100 ಹಾಕಿದ ಮೇಲೆ ಆಯಿಲ್ ಖರ್ಚು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಮೈಲೇಜ್ ಬದಲಾಗಲಿಲ್ಲ. ಪಿಕಪ್ ಜಾಸ್ತಿಯಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹೊಸ ಆಯಿಲ್ ಹಾಕಿದ ದಿನ ಎಲ್ಲರ ಕಾರೂ ಹಗುರ ಅನಿಸುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಲಿತದ್ದು ಲ್ಯಾಬ್ ರಿಪೋರ್ಟ್‌ನಿಂದ. ಮಳೆಗಾಲ ಮುಗಿದ ಮೇಲೆ, ಈ ಆಯಿಲ್ 10,000 ಕಿ.ಮೀ. ಓಡಿದಾಗ, ಇಳಿಸುವ ಹೊತ್ತಿಗೆ ಒಂದು ಸಣ್ಣ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದೆ. ಮಳೆಗಾಲದ ಆ ತಿಂಗಳುಗಳಲ್ಲಿ ಟ್ರ್ಯಾಕ್ ಇಲ್ಲ, ಊರಿಗೂ ಹೆಚ್ಚು ಹೋಗಿರಲಿಲ್ಲ. ಬರೀ ಆಫೀಸು, ಸಿಗ್ನಲ್ಲು, ಮಳೆ. ಸವೆತದ ಲೋಹ ಕಮ್ಮಿಯೇ ಇತ್ತು. ಆದರೆ 100 ಡಿಗ್ರಿಯ ಸಾಲಿನಲ್ಲಿ 12.1 ಅಂತ ಬಂದಿತ್ತು. ಡಬ್ಬಿ ಮೇಲೆ 40, ಎಂಜಿನ್ ಒಳಗೆ 30! ಪಕ್ಕದ ಸಾಲಿನಲ್ಲೇ ಕಾರಣವೂ ಇತ್ತು: ಆಯಿಲ್‌ಗೆ ಪೆಟ್ರೋಲ್ ಸೇರಿದೆ.

ಆಮೇಲೆ ಬೆಳಗ್ಗೆ ಮೀಟರ್ ನೋಡಲು ಶುರು ಮಾಡಿದೆ. 50 ಡಿಗ್ರಿ ಆಗುವ ತನಕ ಅಲ್ಲಿ ನಂಬರೇ ಬರುವುದಿಲ್ಲ, ಬರೀ ಗೆರೆ. ನೀರಿನ ಮುಳ್ಳು 90ಕ್ಕೆ ಬಂದು ನಿಂತಾಗಲೂ ಆಯಿಲ್ 60ರಲ್ಲಿ ಒದ್ದಾಡುತ್ತಿರುತ್ತದೆ. 6 ಕಿ.ಮೀ. ಮುಗಿಸಿ ಬೇಸ್‌ಮೆಂಟ್‌ನಲ್ಲಿ ಕಾರು ನಿಲ್ಲಿಸುವಾಗ 78. ಡೈರೆಕ್ಟ್ ಇಂಜೆಕ್ಷನ್, ಅಂದರೆ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಒಂದಿಷ್ಟು ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗೆ ಇಳಿಯುತ್ತದೆ. ಅದನ್ನು ಆವಿ ಮಾಡಿ ಹೊರಗೆ ಹಾಕಲು ಆಯಿಲ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಹಾಗೇ ಇರಬೇಕು. ನನ್ನ ಆಫೀಸು ಅಷ್ಟು ದೂರ ಇಲ್ಲ. ಈಗ ಬಂಕಿನಲ್ಲಿ ಇ20 ಪೆಟ್ರೋಲ್ ಬೇರೆ, ಎಥನಾಲ್ ನೀರಿನ ಪಸೆಯನ್ನೂ ಜೊತೆಗೆ ತರುತ್ತದೆ. ಟ್ರ್ಯಾಕಿನ 128 ಡಿಗ್ರಿಗಿಂತ ಆಫೀಸಿನ 78 ಡಿಗ್ರಿಯೇ ನನ್ನ ಆಯಿಲನ್ನು ಹಾಳು ಮಾಡುತ್ತಿತ್ತು.

ಹಾಗಾಗಿ ಬ್ರಾಂಡ್ ಬದಲಿಸಲಿಲ್ಲ, ಅವಧಿ ಬದಲಿಸಿದೆ. 7,500 ಕಿ.ಮೀ. ಅಥವಾ 8 ತಿಂಗಳು. ಮುಂದಿನ ರಿಪೋರ್ಟ್ 13.2 ತೋರಿಸಿತು. ಆಯಿಲ್ 80 ದಾಟುವ ತನಕ ಆಕ್ಸಿಲರೇಟರ್ ಒತ್ತಿ ಹಿಡಿಯುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಭಾರ ಹಾಕುವುದನ್ನೂ ಬಿಟ್ಟಿದ್ದೇನೆ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಹಾಗೆ ಮಾಡಿದರೆ ಆಯಿಲ್ ಹನಿ ಸ್ಪಾರ್ಕಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಕಾಯಿಲೆ ಒಂದಿದೆ, ಎಲ್‌ಎಸ್‌ಪಿಐ ಅಂತ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಹೆಚ್ಚುತ್ತದೆ ಅಂತ ಗೊತ್ತಾದ ಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳಲ್ಲಿ ಅದಕ್ಕೇ ಪರೀಕ್ಷೆ ಸೇರಿಸಿದರು. ಅಪ್ರೂವಲ್ ಜೊತೆಗೆ ಎಸ್‌ಪಿ ಕೂಡ ಇದ್ದರೆ ಅಂಥ ಡಬ್ಬಿಯನ್ನೇ ಎತ್ತಿಕೊಳ್ಳಿ.

ಖರೀದಿ ವಿಷಯ. ಒಮ್ಮೆ ಜೆ.ಸಿ. ರಸ್ತೆ ಕಡೆ ಒಂದು ಅಂಗಡಿಯಲ್ಲಿ, ಬೇರೊಂದು ಬ್ರಾಂಡಿನ ಡಬ್ಬಿ ವಿಪರೀತ ಅಗ್ಗಕ್ಕೆ ಸಿಕ್ಕಿತು ಅಂತ ತಂದೆ. ಮೆಕ್ಯಾನಿಕ್ ಮುಚ್ಚಳ ತಿರುಗಿಸಿ ನಿಂತುಬಿಟ್ಟ. "ಸಾರ್, ಇದು ಟಕ್ ಅನ್ನಲಿಲ್ಲ. ರಿಂಗ್ ನೋಡಿ, ಮೊದಲೇ ಬಿಟ್ಟಿದೆ." ನೋಡಿದರೆ ಡಬ್ಬಿಗೆ ಹೊಡೆದ ಬ್ಯಾಚ್ ನಂಬರ್‌ಗೂ ಪೆಟ್ಟಿಗೆ ಮೇಲಿನದ್ದಕ್ಕೂ ತಾಳೆ ಇಲ್ಲ. ಯಾರೋ ಹಳೇ ಡಬ್ಬಿಗೆ ಏನೋ ತುಂಬಿದ್ದರು. ಅದೇ ರಸ್ತೆಯಲ್ಲಿ ಮೂವತ್ತು ವರ್ಷದಿಂದ ನ್ಯಾಯವಾಗಿ ವ್ಯಾಪಾರ ಮಾಡುವವರೂ ಇದ್ದಾರೆ, ಈಗ ಅವರಲ್ಲೇ ಬಿಲ್ ಹಾಕಿಸಿ ತರುತ್ತೇನೆ. ಹಳೆಯ ಖಾಲಿ ಡಬ್ಬಿ ಗುಜರಿಗೆ ಹಾಕುವ ಮೊದಲು ಬುಡಕ್ಕೆ ತೂತು ಮಾಡುತ್ತೇನೆ.

ಅಳತೆಯ ಮಾತೊಂದು ಉಳಿಯಿತು. ಈ ಎಂಜಿನ್‌ಗೆ ಆಯಿಲ್ ಫಿಲ್ಟರ್ ಸೇರಿ 5.7 ಲೀಟರ್ ಬೇಕು. 5 ಲೀಟರ್ ಕ್ಯಾನ್ ಒಂದು, 1 ಲೀಟರ್ ಬಾಟಲಿ ಒಂದು ತರಬೇಕು. ಒಂದು ಗ್ಯಾರೇಜಿನಲ್ಲಿ "ಉಳಿಸೋದ್ಯಾಕೆ ಸಾರ್" ಅಂತ ಆರೂ ಲೀಟರ್ ಸುರಿದುಬಿಟ್ಟಿದ್ದರು. ಆಯಿಲ್ ಜಾಸ್ತಿಯಾದರೆ ಕ್ರ್ಯಾಂಕ್‌ಗೆ ತಾಗಿ ಮಜ್ಜಿಗೆ ಕಡೆದ ಹಾಗೆ ನೊರೆ ಬರಬಹುದು. ಡಿಪ್‌ಸ್ಟಿಕ್ ತೂತಿನಿಂದ ಪೈಪ್ ಇಳಿಸಿ, ಸಿರಿಂಜಿನಲ್ಲಿ ಎಳೆದು ಎಳೆದು ಮಟ್ಟಕ್ಕೆ ತಂದೆ. ಅಂದಿನಿಂದ ಪಕ್ಕದಲ್ಲೇ ನಿಂತು ಹಾಕಿಸುತ್ತೇನೆ.

ಉಳಿದ 300 ಮಿಲಿ ಊರಿಗೆ ಹೋಗುತ್ತದೆ. ಅಪ್ಪಯ್ಯ ಅದನ್ನು ತೋಟದ ಫೋರ್ ಸ್ಟ್ರೋಕ್ ವೀಡ್ ಕಟರ್‌ಗೆ ಹಾಕುತ್ತಾರೆ. ಕಳೆದ ಸಲ ಹೋದಾಗ ಬಾಟಲಿ ಕೈಗೆ ತಗೊಂಡು ಕೇಳಿದರು, "ಮುಂದಿನ್ ಸರ್ವಿಸ್ ಯಾವಾಗ?" ಕಾರಿನ ಮೇಲಿನ ಕಾಳಜಿ ಅಂದುಕೊಂಡೆ. ಕಟರ್‌ನಲ್ಲಿ ಆಯಿಲ್ ಮುಗಿಯುತ್ತಾ ಬಂದಿತ್ತಂತೆ.