ಫಾಸ್ಟ್‌ಪಿ: ಡಿಎನ್‌ಎ ರೀಡ್‌ಗಳ ತಪ್ಪು ಹಿಡಿಯುವ ತಂತ್ರಾಂಶ ಎಲ್ಲಿಯವರೆಗೆ ನಂಬಿಕಸ್ಥ?

ಡಿಎನ್‌ಎ ಓದುವ ಸೀಕ್ವೆನ್ಸಿಂಗ್ ಯಂತ್ರವು ತಾನು ಓದಿದ ಪ್ರತಿಯೊಂದು ಬೇಸ್‌ಗೂ (ಎ, ಸಿ, ಜಿ, ಟಿ ಎಂಬ ಡಿಎನ್‌ಎ ಅಕ್ಷರಕ್ಕೂ) ಒಂದು ಗುಣಮಟ್ಟದ ಅಂಕವನ್ನು ಕೊಡುತ್ತದೆ. ಅಂಕ 20 ಆಗಿದ್ದರೆ ನೂರರಲ್ಲಿ ಒಂದು, 30 ಆಗಿದ್ದರೆ ಸಾವಿರದಲ್ಲಿ ಒಂದು ತಪ್ಪಿರಬಹುದೆಂದು ಅರ್ಥ. ಈ ಅಂಕಗಳನ್ನೇ ಆಧಾರವಾಗಿಟ್ಟುಕೊಂಡು ಕಿರು ರೀಡ್‌ಗಳನ್ನು, ಅಂದರೆ ಯಂತ್ರ ಒಂದು ಸಲಕ್ಕೆ ಓದಿಕೊಟ್ಟ ಡಿಎನ್‌ಎ ಸರಣಿಗಳನ್ನು, ಶುಚಿಗೊಳಿಸುವ ಫಾಸ್ಟ್‌ಪಿ 2018ರಲ್ಲಿ ಪ್ರಕಟವಾದ ಮುಕ್ತ ತಂತ್ರಾಂಶ. ಗುಣಮಟ್ಟದ ಪರೀಕ್ಷೆ, ಅಡಾಪ್ಟರ್ (ಓದಿಗೆ ಮುನ್ನ ತುಣುಕಿನ ತುದಿಗೆ ಅಂಟಿಸಿದ ಕೃತಕ ಡಿಎನ್‌ಎ) ಕತ್ತರಿಸುವುದು, ಕಳಪೆ ರೀಡ್‌ಗಳನ್ನು ಸೋಸುವುದು, ಈ ಮೂರಕ್ಕೂ ಬೇರೆ ಬೇರೆ ತಂತ್ರಾಂಶಗಳನ್ನು ಓಡಿಸುತ್ತಿದ್ದವರಿಗೆ ಇದು ಒಂದೇ ಓಟದಲ್ಲಿ ಎಲ್ಲವನ್ನೂ ಮುಗಿಸಿಕೊಡುತ್ತದೆ. ವೇಗದ ಬಗ್ಗೆ ನನ್ನ ಯಾವ ತಕರಾರೂ ಇಲ್ಲ.

ಇದರಲ್ಲಿ ನಾನು ಅತ್ಯಂತ ಮೆಚ್ಚುವುದು ಜೋಡಿ ರೀಡ್‌ಗಳ ತಿದ್ದುಪಡಿಯನ್ನು. ಒಂದು ಡಿಎನ್‌ಎ ತುಣುಕನ್ನು ಎರಡೂ ತುದಿಗಳಿಂದ 150 ಬೇಸ್‌ಗಳಷ್ಟು ಓದಿದಾಗ, ತುಣುಕಿನ ಉದ್ದ 250 ಬೇಸ್ ಆಗಿದ್ದರೆ ನಡುವಿನ 50 ಬೇಸ್‌ಗಳು ಎರಡು ಸಲ ಓದಲ್ಪಡುತ್ತವೆ. ಅಲ್ಲಿ ಎರಡು ಓದುಗಳು ಪರಸ್ಪರ ಹೊಂದದಿದ್ದು, ಒಂದರ ಅಂಕ 30 ಅಥವಾ ಅದಕ್ಕಿಂತ ಹೆಚ್ಚಾಗಿ, ಇನ್ನೊಂದರದು 15ಕ್ಕಿಂತ ಕಡಿಮೆಯಾಗಿದ್ದರೆ ಮಾತ್ರ ಫಾಸ್ಟ್‌ಪಿ ಕಡಿಮೆ ಅಂಕದ ಬೇಸನ್ನು ತಿದ್ದುತ್ತದೆ; ಎರಡೂ ಓದುಗಳು ಸಮಾನ ಬಲದವಾಗಿದ್ದರೆ ಸುಮ್ಮನಿರುತ್ತದೆ. ಈ ಸಂಯಮ ನನಗೆ ಬಹಳ ಸರಿಯೆನಿಸುತ್ತದೆ, ಏಕೆಂದರೆ ಊಹೆಯಿಂದ ತಿದ್ದಿದ ಬೇಸು ತಿದ್ದದೆ ಬಿಟ್ಟ ಬೇಸಿಗಿಂತ ಹೆಚ್ಚು ಅಪಾಯಕಾರಿ. ರಕ್ತದ ಪ್ಲಾಸ್ಮಾದಲ್ಲಿ ತೇಲುವ ಡಿಎನ್‌ಎ ತುಣುಕುಗಳು ಸಾಮಾನ್ಯವಾಗಿ ಸುಮಾರು 167 ಬೇಸ್ ಉದ್ದವಿರುವುದರಿಂದ ಅಂಥ ಮಾದರಿಗಳಲ್ಲಿ ತುಣುಕಿನ ಬಹುಭಾಗ ಎರಡು ಸಲ ಓದಲ್ಪಟ್ಟು, ಈ ಸೌಲಭ್ಯದ ಪೂರ್ಣ ಲಾಭ ಸಿಗುತ್ತದೆ. ಆದರೆ ಇಷ್ಟು ಉಪಯುಕ್ತವಾದ ಸೌಲಭ್ಯವನ್ನು ಬಳಕೆದಾರರೇ ಕೇಳಿ ಆನ್ ಮಾಡಿಕೊಳ್ಳಬೇಕು. ತಾನಾಗಿ ಅದು ಕೆಲಸ ಮಾಡುವುದಿಲ್ಲ. 300 ಬೇಸ್‌ಗಿಂತ ಉದ್ದದ ತುಣುಕುಗಳಲ್ಲಿ ಓದುಗಳು ಒಂದರ ಮೇಲೊಂದು ಬರುವುದೇ ಇಲ್ಲವಾದ್ದರಿಂದ ಅಲ್ಲಿ ಇದರಿಂದ ಪ್ರಯೋಜನವೂ ಇಲ್ಲ.

ಇನ್ನೊಂದು ಒಳ್ಳೆಯ ಅಂಶ ಜಿ ಬಾಲದ ನಿವಾರಣೆ. ನೆಕ್ಸ್ಟ್‌ಸೀಕ್, ನೋವಾಸೀಕ್ ಯಂತ್ರಗಳು ಎರಡೇ ಬಣ್ಣಗಳಿಂದ ನಾಲ್ಕು ಬೇಸ್‌ಗಳನ್ನು ಗುರುತಿಸುತ್ತವೆ, ಮತ್ತು ಬೆಳಕೇ ಕಾಣದಿದ್ದರೆ ಅದನ್ನು ಜಿ ಎಂದು ಬರೆದುಕೊಳ್ಳುತ್ತವೆ. ಹಾಗಾಗಿ ಸಂಕೇತ ಬತ್ತಿಹೋದ ರೀಡ್‌ನ ಕೊನೆಯಲ್ಲಿ ಸಾಲುಸಾಲಾಗಿ ಜಿಗಳೇ ತುಂಬಿಕೊಳ್ಳುತ್ತವೆ, ಅದೂ ಹಲವು ಸಲ ಒಳ್ಳೆಯ ಅಂಕದೊಂದಿಗೆ. ಫಾಸ್ಟ್‌ಪಿ ರೀಡ್‌ನ ಹೆಸರಿನಿಂದ ಯಂತ್ರವನ್ನು ಗುರುತಿಸಿ ಈ ಬಾಲವನ್ನು ತಾನೇ ಕತ್ತರಿಸುತ್ತದೆ. ಸಾರ್ವಜನಿಕ ಸಂಗ್ರಹಗಳಿಂದ ಇಳಿಸಿಕೊಂಡ, ಹೆಸರು ಬದಲಾದ ರೀಡ್‌ಗಳಿಗೆ ಮಾತ್ರ ಈ ಆಯ್ಕೆಯನ್ನು ನಾವೇ ಕೊಡಬೇಕಾಗುತ್ತದೆ.

ಇದರ ಮಿತಿಯನ್ನು ಸ್ಪಷ್ಟವಾಗಿ ಹೇಳಲೇಬೇಕು. ಯಂತ್ರದ ಓದಿಗೆ ಮುಂಚೆಯೇ ಆದ ತಪ್ಪು ಇದಕ್ಕೆ ಕಾಣುವುದಿಲ್ಲ. ಸೈಟೊಸಿನ್ (ಸಿ) ಅಮೈನೋ ಗುಂಪನ್ನು ಕಳೆದುಕೊಂಡು ಟಿ ಎಂದು ಓದಲ್ಪಟ್ಟಾಗ, ಗ್ವಾನಿನ್ ಉತ್ಕರ್ಷಣಗೊಂಡು ಜಿ ಜಾಗದಲ್ಲಿ ಟಿ ಬಂದಾಗ ಅಥವಾ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನ ಮೊದಲ ಸುತ್ತುಗಳಲ್ಲೇ ತಪ್ಪು ಬೇಸ್ ಸೇರಿಕೊಂಡಾಗ ಎರಡೂ ತುದಿಗಳ ಓದು ಒಂದೇ ತಪ್ಪನ್ನು ಉತ್ತಮ ಅಂಕದೊಂದಿಗೆ ಹೇಳುತ್ತದೆ. ಇಂಥವನ್ನು ಹಿಡಿಯಲು ಪ್ರತಿ ಮೂಲ ಅಣುವಿಗೂ ಗುರುತಿನ ಪಟ್ಟಿಯಾಗಿ ಯುಎಂಐ ಎಂಬ ಕಿರು ಡಿಎನ್‌ಎ ಸರಣಿ ಅಂಟಿಸಿ, ಒಂದೇ ಅಣುವಿನ ಪ್ರತಿಗಳನ್ನು ಹೋಲಿಸಿ ಒಮ್ಮತದ ಸರಣಿಯನ್ನು ಪಡೆಯಬೇಕು. 2012ರಲ್ಲಿ ಪ್ರಕಟವಾದ ಡ್ಯೂಪ್ಲೆಕ್ಸ್ ವಿಧಾನ ಇನ್ನೂ ಮುಂದೆ ಹೋಗಿ ಎರಡೂ ಎಳೆಗಳು ಒಪ್ಪಿದ ಬದಲಾವಣೆಯನ್ನಷ್ಟೇ ಸ್ವೀಕರಿಸುತ್ತದೆ. ಫಾಸ್ಟ್‌ಪಿ ಯುಎಂಐಯನ್ನು ರೀಡ್‌ನ ಹೆಸರಿಗೆ ಸೇರಿಸಿಕೊಡುತ್ತದೆಯೇ ಹೊರತು ಒಮ್ಮತದ ಸರಣಿಯನ್ನು ಕಟ್ಟುವುದಿಲ್ಲ. ಅದರ ವರದಿಯಲ್ಲಿ ಸೋಸಿದ ಬಳಿಕದ ನಕ್ಷೆ ಎಷ್ಟೇ ಚೆನ್ನಾಗಿ ಕಂಡರೂ ಈ ಬಗೆಯ ತಪ್ಪುಗಳು ಹಾಗೆಯೇ ಉಳಿದಿರುತ್ತವೆ.

ಆದ್ದರಿಂದ, ಪ್ರತಿ ಜಾಗವನ್ನೂ ಸುಮಾರು 30 ಸಲ ಓದಿ ಆನುವಂಶಿಕ ರೂಪಾಂತರಗಳನ್ನು ಹುಡುಕುವವರು ಫಾಸ್ಟ್‌ಪಿಯನ್ನು ನಿಶ್ಚಿಂತೆಯಿಂದ ಬಳಸಬಹುದು. ಸಾವಿರ ಅಣುಗಳಲ್ಲಿ ಒಂದರಲ್ಲಿರುವ ಕ್ಯಾನ್ಸರ್ ಗೆಡ್ಡೆಯ ರೂಪಾಂತರವನ್ನು ಹುಡುಕುವವರು ತಿದ್ದುಪಡಿಯ ಆಯ್ಕೆಯನ್ನು ಆನ್ ಮಾಡಿ, ನಂತರ ಒಮ್ಮತದ ಸರಣಿ ಕಟ್ಟುವ ಬೇರೊಂದು ತಂತ್ರಾಂಶವನ್ನು ಕಡ್ಡಾಯವಾಗಿ ಓಡಿಸಬೇಕು.