ಎಸ್.ಪಿ. ರೋಡಿನ ರಿಪೇರಿ ಅಂಗಡಿ: ಲ್ಯಾಪ್‌ಟಾಪ್ ಉಳೀತು, ಫೈಲುಗಳೂ ಉಳಿದವು
ಗ್ರಾಫಿಕ್ಸ್ ಡ್ರೈವರ್ (ಪರದೆ ನಡೆಸೋ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದ್ದೇ ತಡ, ಲ್ಯಾಪ್‌ಟಾಪ್ ಬೂಟ್ ಆಗೋದನ್ನೇ ನಿಲ್ಲಿಸಿತು. ಲೋಗೋ ಬರುತ್ತೆ, ಚುಕ್ಕಿಗಳು ಸುತ್ತುತ್ತವೆ, ಆಮೇಲೆ ಬರೀ ಕಪ್ಪು ಪರದೆ. ಮನೆ ಹತ್ತಿರದ ಸರ್ವಿಸ್ ಸೆಂಟರ್‌ನವರು ಸರಿಯಾಗಿ ನೋಡದೇನೇ ‘ಫಾರ್ಮ್ಯಾಟ್ ಮಾಡ್ಬೇಕು, ಡೇಟಾಗೆ ಗ್ಯಾರಂಟಿ ಇಲ್ಲ’ ಅಂದುಬಿಟ್ಟರು. ತುಂಬಾ ಸಿಟ್ಟು ಬಂತು.

ಬೆಂಗಳೂರಿನ ಎಸ್.ಪಿ. ರೋಡಿನ ಈ ಪುಟ್ಟ ಅಂಗಡಿಯ ಹುಡುಗ ಮೊದಲು ಕೇಳಿದ್ದೇ, ‘ಸಾರ್, ಬಿಟ್‌ಲಾಕರ್ ಕೀ ಇದೆಯಾ?’ ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ ತೆಗೆಯೋ 48 ಅಂಕಿಯ ಆ ಕೀ ಸಾಮಾನ್ಯವಾಗಿ ನಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಸೇವ್ ಆಗಿರುತ್ತೆ ಅಂತ ಹೇಳಿ, ನನ್ನ ಫೋನಿನಲ್ಲೇ ಹುಡುಕಿಸಿದ. ಆಮೇಲೆ ವಿಂಡೋಸ್ ಲೋಡ್ ಆಗ್ತಿರುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದ, ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಮೆನು ತಾನಾಗೇ ಬರುತ್ತೆ. ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಆದಮೇಲೆ 4 ಒತ್ತಿದರೆ ಸೇಫ್ ಮೋಡ್. ಅದರಲ್ಲಿ ವಿಂಡೋಸ್‌ನ ಸಾದಾ ಡಿಸ್‌ಪ್ಲೇ ಡ್ರೈವರ್ ಮಾತ್ರ ಓಡುತ್ತೆ, ಅದಕ್ಕೇ ಪರದೆ ಬಂತು! ಡಿವೈಸ್ ಮ್ಯಾನೇಜರ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೇ ಡ್ರೈವರ್ ವಾಪಸ್ ತಂದು ರೀಸ್ಟಾರ್ಟ್ ಮಾಡಿದ, ಅಷ್ಟೇ. ಆ ಬಟನ್ ಮಂಕಾಗಿದ್ದರೆ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಬೇಕು, ಇಲ್ಲಾಂದ್ರೆ ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನ ಹಿಂದಿನ ಸ್ಥಿತಿಗೆ ತರೋದು) ನೋಡಬೇಕು ಅಂತಾನೂ ಹೇಳಿಕೊಟ್ಟ.

ಒಂದು ಫೈಲೂ ಹೋಗಲಿಲ್ಲ. ಎಲ್ಲಾ ನನ್ನ ಕಣ್ಣೆದುರೇ ಮಾಡಿದ, ಅದು ನನಗೆ ಜಾಸ್ತಿ ಇಷ್ಟ ಆಯ್ತು. ದುಡ್ಡೂ ಸಾಫ್ಟ್‌ವೇರ್ ಕೆಲಸಕ್ಕೆ ಎಷ್ಟೋ ಅಷ್ಟೇ, ಸುಮ್ನೆ ಪಾರ್ಟ್ಸ್ ಬದಲಾಯಿಸಿ ಅಂತ ತಲೆ ತಿನ್ನಲಿಲ್ಲ. ಕೂರೋಕೆ ಜಾಗ ಇಲ್ಲ, ಪಾರ್ಕಿಂಗ್ ಅಂತೂ ಕೇಳ್ಲೇಬೇಡಿ, ಮೆಟ್ರೋದಲ್ಲೇ ಹೋಗಿ. ಚಾರ್ಜರ್ ಮರೀಬೇಡಿ.