ಚನ್ನಪಟ್ಟಣದ ಗೊಂಬೆ ಅಮೆರಿಕಕ್ಕೆ ಕಳಿಸುವವರಿಗೆ ‘ರೆಗ್ಯುಲೇಟರಿ ರೋಬೋಟ್’ ಎಷ್ಟು ಉಪಯೋಗ?

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಅಂದರೆ ಸಿಪಿಎಸ್‌ಸಿ, ತನ್ನ ಜಾಲತಾಣದಲ್ಲಿ ‘ರೆಗ್ಯುಲೇಟರಿ ರೋಬೋಟ್’ ಎಂಬ ಉಚಿತ ಸಾಧನ ಇಟ್ಟಿದೆ. ನೀವು ಮಾರುವ ವಸ್ತು ಏನು, ಯಾರಿಗೆ, ಯಾವುದರಿಂದ ಮಾಡಿದ್ದು ಎಂದು ಒಂದೊಂದೇ ಪ್ರಶ್ನೆ ಕೇಳುತ್ತ ಹೋಗಿ, ಕೊನೆಗೆ ಅದಕ್ಕೆ ಅನ್ವಯಿಸುವ ಸುರಕ್ಷತಾ ನಿಯಮಗಳ ಪಟ್ಟಿ ಕೊಡುತ್ತದೆ. ಇಲ್ಲಿ ಅದನ್ನು ಅಳೆಯಲು ಹಿಡಿದಿರುವ ವಸ್ತು ಹಾಲೆ ಮರದಲ್ಲಿ ಕಡೆದು, ಬಣ್ಣದ ಅರಗು ಹಚ್ಚಿದ ಚನ್ನಪಟ್ಟಣದ ಗಿಲಕಿ.

ಮೊದಲೇ ಹೇಳಿಬಿಡುವುದಾದರೆ, ಗಿರಾಕಿಗೆ ರೇಟು ಹೇಳುವ ಮುನ್ನ ಇದನ್ನು ಬಳಸಲೇಬೇಕು. ಸರಕು ಹಡಗು ಹತ್ತಿದ ಮೇಲೆ ನಿಯಮ ಹುಡುಕಿದರೆ ಪ್ರಯೋಜನವಿಲ್ಲ. ಆದರೆ ಇದು ಕೊಟ್ಟ ಪಟ್ಟಿಯೇ ಪೂರ್ತಿ ಎಂದು ನಂಬಿ ಕೂತರೆ ಕೈ ಸುಡುತ್ತದೆ.

ಇದರ ದೊಡ್ಡ ಗುಣ ಮೊದಲ ಹಂತದಲ್ಲೇ ಕಾಣುತ್ತದೆ. ವಸ್ತು 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿಯೇ ಮಾಡಿದ್ದೇ ಎಂದು ತಿಳಿದುಕೊಳ್ಳುತ್ತದೆ. ಹೌದು ಎಂದ ಕೂಡಲೇ ದಾರಿ ಬೇರೆಯಾಗುತ್ತದೆ. 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯ್ದೆಯಡಿ (ಸಿಪಿಎಸ್‌ಐಎ) ಮಕ್ಕಳ ವಸ್ತುವಿಗೆ ಸಿಪಿಎಸ್‌ಸಿ ಒಪ್ಪಿದ ಲ್ಯಾಬಿನಲ್ಲಿ ಪರೀಕ್ಷೆ, ಮಕ್ಕಳ ಉತ್ಪನ್ನ ಪ್ರಮಾಣಪತ್ರ (ಸಿಪಿಸಿ), ಯಾರು, ಎಲ್ಲಿ, ಯಾವಾಗ ಮಾಡಿದ್ದೆಂದು ತಿಳಿಸುವ ಅಳಿಸಿಹೋಗದ ಟ್ರ್ಯಾಕಿಂಗ್ ಲೇಬಲ್, ಈ ಮೂರೂ ಬೇಕು. ನಮ್ಮ ಕಡೆಯವರು ಎಡವುವುದು ಇಲ್ಲೇ. ಭಾರತದ ಆಟಿಕೆ ಗುಣಮಟ್ಟ ಆದೇಶದಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿ ಇದೆ. ಅದೇ ಅಭ್ಯಾಸದಲ್ಲಿ ‘ಕೈಕೆಲಸದ್ದು, ಸಹಜ ಬಣ್ಣದ್ದು’ ಎಂದು ಬರೆದು ಕಳಿಸುತ್ತಾರೆ. ಅಮೆರಿಕದಲ್ಲಿ ಕೈಕೆಲಸ ಎಂಬ ಕಾರಣಕ್ಕೆ ಯಾವ ಮಿತಿಯೂ ಸಡಿಲವಾಗುವುದಿಲ್ಲ. ಸಣ್ಣ ಪ್ರಮಾಣದ ತಯಾರಕರೆಂದು ನೋಂದಾಯಿಸಿಕೊಂಡವರಿಗೆ ಕೆಲವು ಲ್ಯಾಬ್ ಪರೀಕ್ಷೆಗಳಿಂದ ರಿಯಾಯಿತಿ ಸಿಗುತ್ತದೆ ನಿಜ. ಆದರೆ ಬಣ್ಣದಲ್ಲಿನ ಸೀಸಕ್ಕೂ ಸಣ್ಣ ಭಾಗಗಳ ಪರೀಕ್ಷೆಗೂ ಆ ರಿಯಾಯಿತಿ ಇಲ್ಲ.

ಗಿಲಕಿಗೆ ಅನ್ವಯಿಸುವುದನ್ನು ಬಿಡಿಸಿ ನೋಡೋಣ. ಮೇಲ್ಲೇಪನದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು (ಅಮೆರಿಕದ ಕೇಂದ್ರ ನಿಯಮ ಸಂಹಿತೆಯ 16 ಸಿಎಫ್‌ಆರ್ 1303). ಕೈಗೆ ಸಿಗುವ ಉಳಿದ ಭಾಗಗಳಲ್ಲಿ 100 ಪಿಪಿಎಂ. ಏನೂ ಹಚ್ಚದ, ಸಂಸ್ಕರಿಸದ ಮರಕ್ಕೆ ಸೀಸದ ಪರೀಕ್ಷೆ ಬೇಡ. ಅರಗು ಹಚ್ಚಿದ ಮೇಲೆ ಆ ಪದರಕ್ಕೆ ಈ ಅನುಕೂಲ ಇಲ್ಲ, ಮೇಲ್ಲೇಪನ ಎಂದೇ ಹಿಡಿದು ಪರೀಕ್ಷೆ ಮಾಡಿಸುವುದು ಕ್ಷೇಮ. ಆಟಿಕೆ ಮಾನದಂಡ ಎಎಸ್‌ಟಿಎಂ ಎಫ್963-23 ಪ್ರಕಾರ ಆಂಟಿಮನಿ, ಆರ್ಸೆನಿಕ್, ಬೇರಿಯಂ, ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಪಾದರಸ, ಸೆಲೆನಿಯಂ ಕೂಡ ಮಿತಿಯೊಳಗಿರಬೇಕು. ಅರಗು ಸಹಜವೇ, ಅಪಾಯ ಇರುವುದು ಅದರಲ್ಲಿ ಕಲೆಸುವ ಬಣ್ಣದಲ್ಲಿ. ಗಾಢ ಹಳದಿಗೆ ಅರಿಶಿನದ ಬದಲು ಅಗ್ಗದ ಕ್ರೋಮ್ ಹಳದಿ ಸೇರಿದ್ದರೆ ಅದು ಲೆಡ್ ಕ್ರೋಮೇಟ್, ಸೀಸ ಮತ್ತು ಕ್ರೋಮಿಯಂ ಎರಡೂ ಒಟ್ಟಿಗೆ ಬಂದಂತೆ. ಹಳದಿ, ಕಿತ್ತಳೆ, ಎಲೆಹಸಿರು ಅರಗಿನ ಕಡ್ಡಿಗಳನ್ನೇ ಮೊದಲು ಅನುಮಾನಿಸಿ.

ಇನ್ನು ಅಳತೆ. ಗಿಲಕಿಗೆಂದೇ ಬೇರೆ ನಿಯಮ ಇದೆ, 16 ಸಿಎಫ್‌ಆರ್ 1510. ಪರೀಕ್ಷಾ ಅಚ್ಚಿನ ತೂತು 35 ಮಿ.ಮೀ. ಅಗಲ, 50 ಮಿ.ಮೀ. ಉದ್ದ, 30 ಮಿ.ಮೀ. ಆಳ. ಗಿಲಕಿಯನ್ನು ಹೇಗೆ ಹಿಡಿದು ಬಿಟ್ಟರೂ ಅದರ ಯಾವ ತುದಿಯೂ ತನ್ನ ಭಾರಕ್ಕೆ ಇಳಿದು ಆ ಆಳ ದಾಟಬಾರದು. ಮಗುವಿನ ಗಂಟಲಿಗೆ ಹಿಡಿ ಇಳಿಯಬಾರದು ಎಂಬುದೇ ಇದರ ಉದ್ದೇಶ. ಲೇತ್‌ನಲ್ಲಿ ಕಡೆಯುವಾಗ ಹಿಡಿಯ ತುದಿಗೆ ದಪ್ಪ ಗುಂಡು ಬಿಟ್ಟರೆ ಪಾಸಾಗುತ್ತದೆ. ಸಪೂರವಾಗಿ ಇಳಿಸಿದರೆ ಫೇಲ್. ಇದೇ ಅಳತೆಯ ತೂತನ್ನು ಹಲಗೆಯಲ್ಲಿ ಕೊರೆದು ಕಾರ್ಯಾಗಾರದಲ್ಲೇ ಇಟ್ಟುಕೊಂಡರೆ ಫೇಲಾಗುವ ಮಾದರಿಗೆ ಲ್ಯಾಬಿಗೆ ಕಟ್ಟುವ ದುಡ್ಡು ಉಳಿಯುತ್ತದೆ.

ಮೂರು ವರ್ಷದೊಳಗಿನವರ ಆಟಿಕೆಯಿಂದ ಕಳಚುವ ಯಾವ ತುಂಡೂ 31.7 ಮಿ.ಮೀ. ವ್ಯಾಸದ ಸಿಲಿಂಡರಿನೊಳಗೆ ಪೂರ್ತಿ ಹಿಡಿಯಬಾರದು. ಹದಿನೆಂಟು ತಿಂಗಳೊಳಗಿನ ಮಗುವಿನ ಆಟಿಕೆಯನ್ನು ಸುಮಾರು 137 ಸೆಂ.ಮೀ. ಎತ್ತರದಿಂದ 10 ಸಲ ಬೀಳಿಸಿ, ತಿರುಚಿ, ಎಳೆದು ನೋಡುತ್ತಾರೆ. ಒಳಗಿನ ಗೆಜ್ಜೆ ಹೊರಬಿದ್ದರೆ ಅಲ್ಲಿಗೆ ಮುಗಿಯಿತು. ಬಿಚ್ಚಿಕೊಳ್ಳಲು ಮುಖ್ಯ ಕಾರಣ ಸರಿಯಾಗಿ ಒಣಗದ ಮರ. ಹಸಿ ಉಳಿದ ಮರ ಒಣಹವೆಯಲ್ಲಿ ಕುಗ್ಗಿ, ಅಂಟು ಹಾಕಿದ ಗೂಟ ಸಡಿಲಾಗುತ್ತದೆ.

ರೋಬೋಟಿನ ಮೊದಲ ದೌರ್ಬಲ್ಯ ವಯಸ್ಸಿನದು. ನೀವು ಹೇಳಿದ ವಯಸ್ಸನ್ನು ಅದು ನಂಬುತ್ತದೆ, ಸಿಪಿಎಸ್‌ಸಿ ನಂಬುವುದಿಲ್ಲ. ಗಿಲಕಿಗೆ ‘3 ವರ್ಷ ಮೇಲ್ಪಟ್ಟವರಿಗೆ’ ಎಂದೋ ‘ಅಲಂಕಾರಕ್ಕೆ ಮಾತ್ರ’ ಎಂದೋ ಚೀಟಿ ಅಂಟಿಸಿ ಉತ್ತರಿಸಿದರೆ ಪಟ್ಟಿ ಚಿಕ್ಕದಾಗಿ ಬರುತ್ತದೆ. ಆದರೆ ವಸ್ತುವಿನ ರೂಪ, ಜಾಹೀರಾತು, ಜನ ಸಾಮಾನ್ಯವಾಗಿ ಅದನ್ನು ಯಾರಿಗೆ ಕೊಳ್ಳುತ್ತಾರೆ ಎಂಬುದನ್ನೂ ನೋಡಿ ವಯಸ್ಸು ನಿರ್ಧಾರವಾಗುತ್ತದೆ. ಆದ್ದರಿಂದ ಚಿಕ್ಕ ವಯಸ್ಸನ್ನೇ ಕೊಟ್ಟು ಉತ್ತರಿಸಿ.

ಎರಡನೆಯದು, ಖರ್ಚು ಉಳಿಸುವ ದಾರಿಯನ್ನು ನೀವೇ ಹುಡುಕಿಕೊಳ್ಳಬೇಕು. 16 ಸಿಎಫ್‌ಆರ್ 1109 ಬಿಡಿಭಾಗಗಳ ಪರೀಕ್ಷೆಗೆ ಅವಕಾಶ ಕೊಡುತ್ತದೆ. ಇಪ್ಪತ್ತು ನಮೂನೆಯ ಗೊಂಬೆಗೆ ಆರೇ ಬಣ್ಣ ಬಳಸುತ್ತಿದ್ದರೆ, ಆರು ಬಣ್ಣವನ್ನು ಹಚ್ಚಿ ಪರೀಕ್ಷಿಸಿ, ಸೀಸಕ್ಕೆ ಸಂಬಂಧಿಸಿದ ವರದಿಯನ್ನು ಇಪ್ಪತ್ತಕ್ಕೂ ಬಳಸಬಹುದು. ಸಣ್ಣ ಘಟಕಗಳಿಗೆ ಇದು ಬದುಕಿಸುವ ನಿಯಮ. ಮುಖ್ಯ ಷರತ್ತು: ಪರೀಕ್ಷೆಯಾದ ಬ್ಯಾಚಿನ ಅರಗೇ ಆ ಗೊಂಬೆಗೆ ಹೋಗಿದೆ ಎಂದು ತೋರಿಸುವ ದಾಖಲೆ ಇರಬೇಕು. ಅರಗು ಕಾಯಿಸಿ ಕಡ್ಡಿ ಮಾಡಿದ ದಿನ, ಬಣ್ಣದ ಪುಡಿಯ ಬಿಲ್, ಬ್ಯಾಚ್ ನಂಬರ್ ಬರೆದಿಡುವ ಒಂದು ಪುಸ್ತಕ ಸಾಕು. ಪುಡಿ ಕೊಡುವ ಅಂಗಡಿ ಬದಲಾದರೆ ಮತ್ತೆ ಪರೀಕ್ಷೆ.

ಮೂರನೆಯದು, ಸಿಪಿಎಸ್‌ಸಿ ಗಡಿಯಾಚೆಯದನ್ನು ಇದು ಹೇಳುವುದಿಲ್ಲ. ‘ಮೇಡ್ ಇನ್ ಇಂಡಿಯಾ’ ಗುರುತು ಕಸ್ಟಮ್ಸ್‌ನ ವಿಷಯ. ಮರದ ಮೂಲದ ಬಗ್ಗೆ ಲೇಸಿ ಕಾಯ್ದೆ ಇದೆ. ಘೋಷಣೆ ಬೇಕಾದಾಗ ಮರದ ವೈಜ್ಞಾನಿಕ ಹೆಸರು ಕೇಳುತ್ತಾರೆ, ಹಾಲೆಗೆ ಅದು ರೈಟಿಯಾ ಟಿಂಕ್ಟೋರಿಯಾ. ಕ್ಯಾಲಿಫೋರ್ನಿಯಾಕ್ಕೆ ಮಾರಿದರೆ ಹಾನಿಕಾರಕ ರಾಸಾಯನಿಕಗಳ ಬಗ್ಗೆ ಎಚ್ಚರಿಕೆ ಕೇಳುವ ಪ್ರಾಪ್ 65 ಎಂಬ ರಾಜ್ಯ ಕಾನೂನು ಬೇರೆ. ಸುಂಕವೂ ಇದರ ಪಟ್ಟಿಯಲ್ಲಿಲ್ಲ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ, ಬೆಲೆ ಕಟ್ಟುವಾಗ ಇದು ನೆನಪಿರಲಿ. ಕನ್ನಡದಲ್ಲಿ ಈ ಸಾಧನ ಇಲ್ಲದಿರುವುದು ನಿಜವಾದ ಕೊರತೆ. ನಿಯಮಗಳ ಇಂಗ್ಲಿಷ್ ತೊಡಕಿನದು, ಪರೀಕ್ಷೆಯ ಅಳತೆಗಳನ್ನಾದರೂ ಯಾರಾದರೂ ಕನ್ನಡಕ್ಕೆ ತಂದು ಕಾರ್ಯಾಗಾರಗಳ ಗೋಡೆಗೆ ಅಂಟಿಸಬೇಕು.

ಪಟ್ಟಿ ಸಿಕ್ಕ ಮೇಲೆ ಅದನ್ನು ಪ್ರಿಂಟ್ ಮಾಡಿ ಅಮೆರಿಕದ ಆಮದುದಾರರ ಜೊತೆ ಕೂತು ಒಂದೊಂದು ಸಾಲೂ ಯಾರ ಜವಾಬ್ದಾರಿ ಎಂದು ಬರೆದುಕೊಳ್ಳಿ. ಸಿಪಿಸಿ ಹೊರಡಿಸುವುದು ಆಮದುದಾರರೇ, ಆದರೆ ತಯಾರಿಕೆಯ ತಿಂಗಳು, ಊರು, ಪರೀಕ್ಷೆಯ ದಿನಾಂಕ, ಲ್ಯಾಬಿನ ವಿವರ ಇಲ್ಲಿಂದ ಹೋಗದೆ ಅವರಿಗೆ ಬರೆಯಲಾಗದು. 2026ರ ಜುಲೈ 8ರಿಂದ ಈ ಪ್ರಮಾಣಪತ್ರದ ಮಾಹಿತಿಯನ್ನು ಸರಕು ಒಳಬರುವಾಗಲೇ ವಿದ್ಯುನ್ಮಾನವಾಗಿ ಸಲ್ಲಿಸಬೇಕೆಂಬ ನಿಯಮ ಬಂದಿದೆ, ಕಡಿಮೆ ಬೆಲೆಯ ಪಾರ್ಸೆಲ್‌ಗಳೂ ಅದರೊಳಗೆ ಬರುತ್ತವೆ. ‘ಆಮೇಲೆ ಮೇಲ್ ಮಾಡ್ತೀವಿ’ ಎನ್ನುವ ಪದ್ಧತಿ ಇನ್ನು ನಡೆಯುವುದಿಲ್ಲ. ಲ್ಯಾಬ್ ವರದಿ ಕೈಗೆ ಬರುವ ತನಕ ಪೆಟ್ಟಿಗೆ ಮುಚ್ಚಬೇಡಿ.